ಕೆಳಗಿಟ್ಟ ಬಟ್ಟಲು: ಡಾ. ನಸ್ರಾ ಬಿಂತ್ ಹಿಲಾಲ್ ಅವರು ಸಾವಿನ ಹೆಸರು ಕೇಳಿದ ಬಗೆ

ನಮ್ಮ ದೇಶದಲ್ಲಿ ಯಾರು ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದನ್ನು ವರ್ಷವರ್ಷವೂ ಕೂಡಿಸಿ ಹೇಳುವ ಸರ್ಕಾರಿ ವರದಿಯೊಂದಿದೆ. ಅದರಲ್ಲಿ ‘ರಕ್ತದ ಹಾಗೂ ರೋಗನಿರೋಧಕ ಶಕ್ತಿಯ ಕಾಯಿಲೆಗಳು’ ಎಂಬ ತಲೆಬರಹದ ಪುಟವು ಒಂದು ಕಾಲದಲ್ಲಿ ಹೆಚ್ಚುಕಡಿಮೆ ಖಾಲಿಯಾಗಿಯೇ ಇರುತ್ತಿತ್ತಂತೆ. ಆ ಪುಟವನ್ನು ನೋಡಿ ಸಂತೋಷಪಟ್ಟವರು ಬಹಳ ಮಂದಿ. ಅದನ್ನು ನೋಡಿ ನಿದ್ದೆಗೆಟ್ಟವರು, ಇದು ಖಾಲಿ ಇರುವುದಕ್ಕೆ ಸಾಧ್ಯವಿಲ್ಲವೆಂದು ಹೇಳಿದವರು, ಹೇಳಿ ಬೈಸಿಕೊಂಡವರು, ಬೈಸಿಕೊಂಡರೂ ಬಿಡದೆ ಅದನ್ನು ಸರಿಮಾಡಿದವರು ಡಾ. ನಸ್ರಾ ಬಿಂತ್ ಹಿಲಾಲ್ ಅವರು. ಒಮಾನಿನ ವೈದ್ಯರ ಸಾಲಿನಲ್ಲಿ ಅವರಿಗಿರುವ ಸ್ಥಾನ ಎಂಥದೆಂಬುದನ್ನು ಈ ಅಭಿನಂದನ ಗ್ರಂಥದಲ್ಲಿ ಬರೆಯುತ್ತಿರುವ ವಿದ್ವಾಂಸರು ನನಗಿಂತ ಚೆನ್ನಾಗಿ ಬಲ್ಲರು. ವರದಿಯ ಗೆರೆ ಯಾವ ವರ್ಷ ಏರಿತು, ಯಾವ ವರ್ಷ ಇಳಿಯಿತು ಎಂದು ಅವರು ಚಿತ್ರ ಬಿಡಿಸಿ ತೋರಿಸುತ್ತಾರೆ. ನಾನು ಸುಮೈರ್ ಕಣಿವೆಯ ಆಸ್ಪತ್ರೆಯ ಗಾಡಿ ಓಡಿಸಿದವನು. ಓದಿದ್ದು ಮಸೀದಿಯ ಶಾಲೆಯಲ್ಲಿ ಕಲಿತಷ್ಟು. ಸಂಪಾದಕರು ದೊಡ್ಡ ಮನಸ್ಸು ಮಾಡಿ ನನ್ನಿಂದಲೂ ಒಂದು ಲೇಖನ ಕೇಳಿದ್ದಾರೆ. ಆ ಗೆರೆ ಏಕೆ ಏರಿತು, ಏಕೆ ಇಳಿಯಿತು ಎಂಬುದಕ್ಕೆ ಕಾರಣವಾದ ಒಂದು ಕಾಫಿ ಬಟ್ಟಲನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟನ್ನು ಬರೆಯುತ್ತೇನೆ.

ಡಾ. ನಸ್ರಾ ಅವರು ನಮ್ಮ ಕಣಿವೆಗೆ ಮೊದಲ ಸಲ ಬಂದಾಗ ಖರ್ಜೂರದ ಕೊಯ್ಲು. ರಾಜಧಾನಿಯ ಕಚೇರಿಯಿಂದ ಒಬ್ಬ ಹೆಂಗಸು ಬರುತ್ತಾಳೆ, ಸತ್ತವರ ಲೆಕ್ಕ ನೋಡುವವಳಂತೆ ಎಂದು ಸುದ್ದಿ ಮೊದಲೇ ಬಂದಿತ್ತು. ಹಾಗಾಗಿ ಎಲ್ಲರೂ ಮುದುಕಿಯೊಬ್ಬಳು ಬರುತ್ತಾಳೆಂದೇ ಎಣಿಸಿದ್ದರು. ಗಾಡಿಯಿಂದ ಇಳಿದವರು ಮೂವತ್ತು ದಾಟಿದ್ದಾರೋ ಇಲ್ಲವೋ ಎನ್ನುವಂಥವರು, ಗಟ್ಟಿ ದನಿಯವರು. ದಾರಿಯುದ್ದಕ್ಕೂ ಘಟ್ಟದ ತಿರುವುಗಳಿಗೆ ಮುಖ ಬಿಳುಚಿತ್ತು. ಇಳಿದ ಕೂಡಲೇ ನನ್ನನ್ನು ಕೇಳಿದ ಮೊದಲ ಮಾತು ನನಗೆ ನೆನಪಿದೆ.

“ಅಣ್ಣ, ಈ ದಾರೀಲೇ ಕಾಯಿಲೆ ಮಕ್ಕಳನ್ನ ಕರ್ಕೊಂಡ್ ಹೋಗ್ತೀರಾ?”

“ಬೇರೆ ದಾರಿ ಇಲ್ಲ, ಡಾಕ್ಟ್ರಮ್ಮ” ಎಂದೆ.

“ಗಟ್ಟಿ ಇರೋ ನನಗೇ ಜೀವ ಹೋದ ಹಾಗಾಯ್ತು” ಎಂದವರು ಆ ಘಟ್ಟದ ಕಡೆಗೇ ನೋಡುತ್ತ ನಿಂತರು.

ನಮ್ಮ ಆಸ್ಪತ್ರೆಯಲ್ಲಿ ಆಗ ಸುಡಾನಿನ ಡಾ. ಇದ್ರೀಸ್ ಎಂಬ ಹಿರಿಯರಿದ್ದರು. ದೇವರಂಥ ಮನುಷ್ಯ. ಡಾ. ನಸ್ರಾ ಅವರು ಅವರ ಎದುರು ಕುಳಿತು, ಚಹಾ ಕುಡಿದು, ಊರು ಮನೆ ಮಕ್ಕಳ ಯೋಗಕ್ಷೇಮವನ್ನೆಲ್ಲ ವಿಚಾರಿಸಿದ ಮೇಲೆ ಮೆಲ್ಲಗೆ ಕೇಳಿದರು.

“ಡಾಕ್ಟ್ರೇ, ಸುಮೈರಿನ ಮಕ್ಕಳ ಹೃದಯಕ್ಕೆ ಏನಾಗಿದೆ?”

“ಏನಾಗಿದೆ? ಒಳ್ಳೇ ಹೃದಯದ ಮಕ್ಕಳು.”

“ಸತ್ತ ಮಕ್ಕಳಿಗೆಲ್ಲ ‘ಹೃದಯ ನಿಂತು’ ಅಂತ ಬರ್ದಿದ್ದೀರಿ.”

“ನಿಂತಿತ್ತಮ್ಮ. ನಾನೇ ಕೈಯಿಟ್ಟು ನೋಡಿದ್ದೀನಿ.”

“ಸತ್ತೋರದ್ದು ಎಲ್ಲಾರ್ದೂ ನಿಂತಿರತ್ತೆ. ಅದು ಸಾವು. ನಾನು ಕೇಳ್ತಿರೋದು ಕಾರಣ.”

ಡಾ. ಇದ್ರೀಸ್ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: “ನನಗೂ ಗೊತ್ತು, ನಿನಗೂ ಗೊತ್ತು. ಆದರೆ ಮಗು ಮೈ ಇನ್ನೂ ಬಿಸಿ ಇರುವಾಗ ಅದರ ಅಪ್ಪ ಬಂದು ನನ್ನ ಹಣೆಗೆ ಮುತ್ತಿಡ್ತಾನೆ. ‘ಆ ಹೆಸರು ಬರೀಬೇಡಿ, ಮನೇಲಿ ಇನ್ನೂ ಹೆಣ್ಣುಮಕ್ಕಳಿದ್ದಾರೆ’ ಅಂತಾನೆ. ನೀನಾಗಿದ್ರೆ ಏನ್ ಬರೀತಿದ್ದೆ?”

“ಗೊತ್ತಿಲ್ಲ, ಡಾಕ್ಟ್ರೇ” ಎಂದರು ಡಾ. ನಸ್ರಾ. ಉತ್ತರ ಇಲ್ಲದ ಪ್ರಶ್ನೆಗೆ ಉತ್ತರ ಇದೆಯೆಂದು ನಟಿಸದಿರುವುದು ಅವರ ದೊಡ್ಡ ಗುಣ.

ಆ ಹೆಸರು ಯಾವುದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಂಡು, ಮೂಳೆಮೂಳೆಯಲ್ಲೂ ಬೆಂಕಿ ಹಾಕಿದಂತೆ ನೋಯಿಸುವ ಕಾಯಿಲೆ ಅದು. ಹೊಟ್ಟೆಯ ಎಡಪಕ್ಕದಲ್ಲಿರುವ ಗುಲ್ಮವನ್ನು ಚಿಕ್ಕಂದಿನಲ್ಲೇ ಸುಟ್ಟುಬಿಡುತ್ತದೆ. ಆಮೇಲೆ ಮೈಗೆ ಎದುರು ನಿಲ್ಲುವ ಶಕ್ತಿ ಇರುವುದಿಲ್ಲ, ಬೇರೆ ಮಕ್ಕಳಿಗೆ ಬಂದು ಹೋಗುವ ಜ್ವರ ಈ ಮಕ್ಕಳನ್ನು ಎತ್ತಿಕೊಂಡು ಹೋಗುತ್ತದೆ. ತಂದೆ ತಾಯಿ ಇಬ್ಬರ ರಕ್ತದಲ್ಲೂ ಅದರ ಎಳೆ ಇದ್ದರೆ ಮಗುವಿಗೆ ಬರಬಹುದು. ಅಣ್ಣತಮ್ಮಂದಿರ ಮಕ್ಕಳೇ ಮದುವೆಯಾಗುವ ನಮ್ಮ ಕಣಿವೆಯಲ್ಲಿ ಎರಡು ಕಡೆಯೂ ಎಳೆ ಇರುವುದು ಅಪರೂಪವಲ್ಲ. ಹಾಗಾಗಿ ಒಂದು ಮನೆಯಲ್ಲಿ ಆ ಹೆಸರು ಕಾಗದಕ್ಕೆ ಬಿದ್ದರೆ ಆ ಮನೆಯ ಹೆಣ್ಣುಮಕ್ಕಳನ್ನು ಕೇಳಲು ಯಾರೂ ಬರುವುದಿಲ್ಲ. ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲವಲ್ಲ ಎಂದು ಪಟ್ಟಣದವರು ಕೇಳಬಹುದು. ವರದಿಯಲ್ಲಿ ಇರುವುದಿಲ್ಲ, ಸರಿ. ಆದರೆ ಆ ಕಾಗದ ಆಸ್ತಿ ಭಾಗಕ್ಕೆಂದು ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿ ಕುಳಿತ ಗುಮಾಸ್ತ ಅರ್ಧ ಊರಿಗೆ ಸೋದರಳಿಯ.

ಇನ್ನೊಂದು ಕಡೆ, ನಮ್ಮ ಊರಿನವರು ರಕ್ತದ ಕಾಯಿಲೆಗೆಂದೇ ಒಂದು ವಾರ್ಡು ಕೊಡಿ ಎಂದು ರಾಜಧಾನಿಗೆ ಅರ್ಜಿ ಹಾಕುತ್ತಲೇ ಇದ್ದರು. ಅಲ್ಲಿಂದ ಪ್ರತಿಸಲವೂ ಒಂದೇ ಉತ್ತರ: ನಿಮ್ಮ ಪ್ರಾಂತ್ಯದಲ್ಲಿ ರಕ್ತದ ಕಾಯಿಲೆಯಿಂದ ಸಾಯುವವರೇ ಇಲ್ಲವಲ್ಲ, ವಾರ್ಡು ಏತಕ್ಕೆ? ಬೇಕಿದ್ದರೆ ಹೃದಯದ ಯಂತ್ರ ಕೊಡುತ್ತೇವೆ. ನಿಜವಾಗಿಯೂ ಒಂದು ಯಂತ್ರ ಬಂತು. ಅದರ ಮೇಲಿನ ಹೊದಿಕೆಯನ್ನು ತೆಗೆದವರಿಲ್ಲ. ಮಕ್ಕಳು ಮಾತ್ರ ಘಟ್ಟದಾಚೆಯ ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ನರಳುತ್ತಲೇ ಇದ್ದರು. ನಾವೇ ಬರೆಸಿದ ಸುಳ್ಳು ನಮ್ಮ ಅರ್ಜಿಯನ್ನು ವಾಪಸು ಕಳಿಸುತ್ತಿತ್ತು ಎಂಬುದು ನಮಗೆ ತಿಳಿದದ್ದು ಡಾ. ನಸ್ರಾ ಅವರು ಬಂದ ಮೇಲೆ.

ಬರೆದ ಕಾರಣವನ್ನು ತಿದ್ದಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಅದಕ್ಕೆ ಅವರು ಮನೆಮನೆಗೂ ಹೋಗತೊಡಗಿದರು, ಗಾಡಿ ನನ್ನದು. ಸಾವಿಗೆ ಬಂದವರಿಗೆ ಮೂರು ದಿನ ಕೊಡುವ ದುಃಖದ ಕಾಫಿ ಮುಗಿಯುವವರೆಗೆ ಯಾರ ಹೊಸ್ತಿಲನ್ನೂ ಅವರು ದಾಟುತ್ತಿರಲಿಲ್ಲ. ಹೋದರೆ ಹೆಂಗಸರ ನಡುವೆ ಕುಳಿತು ಖರ್ಜೂರದ ಬೀಜ ತೆಗೆಯುವರು, ಕಾಯಿಲೆಯ ಸುದ್ದಿ ಎತ್ತುತ್ತಲೇ ಇರಲಿಲ್ಲ, ಸತ್ತ ಮಗು ಏನು ತಿನ್ನುತ್ತಿತ್ತು, ಯಾವ ಆಟ ಆಡುತ್ತಿತ್ತು ಎಂದು ಕೇಳುವರು. ಒಮ್ಮೆ ಒಬ್ಬ ಅಜ್ಜಿ ಬಾಯಿ ತಡೆಯದೆ, “ಅಲ್ಲ ಕಣವ್ವಾ, ಬದುಕಿರೋರ್ನ ಬಿಟ್ಟು ಸತ್ತೋರ್ನ ನೋಡ್ಕೊಳೋ ಡಾಕ್ಟ್ರು ನೀನೊಬ್ಳೇ ಇರ್ಬೇಕು” ಎಂದರಂತೆ. ಡಾ. ನಸ್ರಾ ನಕ್ಕು, “ಸತ್ತೋರು ಜಗಳ ಆಡಲ್ಲ ಅಜ್ಜಿ, ಅದಕ್ಕೇ” ಎಂದರಂತೆ. ಬಾಗಿಲವರೆಗೂ ಎಲ್ಲರೂ ಪ್ರೀತಿಯಿಂದ ಕಳಿಸಿಕೊಡುತ್ತಿದ್ದರು. ಒಪ್ಪಿಗೆ ಮಾತ್ರ ಯಾರೂ ಕೊಡಲಿಲ್ಲ.

ಆ ಚಳಿಗಾಲದಲ್ಲಿ ಸುವೈದ್ ಅವರ ಮಗ ಮಾಜಿದ್ ತೀರಿಕೊಂಡ. ಸುವೈದ್ ಎಂದರೆ ನಮ್ಮ ಕಣಿವೆಯ ಕಾಲುವೆ ನೀರಿನ ಸರದಿ ಹಂಚುವವರು. ಅವರು ಸಾಕು ಎಂದರೆ ಸಾಕು, ಯಾರ ತೋಟವೂ ಮರುಮಾತಾಡುವುದಿಲ್ಲ. ಅವರಿಗೆ ಮಾಜಿದನಲ್ಲದೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಜುವೈನಾ, ಚಿಕ್ಕಪ್ಪನ ಮಗ ಬದರ್‌ಗೆ ಮಾತು ಆಗಿತ್ತು, ಹಬ್ಬ ಕಳೆದರೆ ಮದುವೆ. ಚಿಕ್ಕವಳು ಅಸೀಲಾ, ಆರೇಳು ವರ್ಷದ ಕೂಸು. ಅವಳಿಗೂ ಅಣ್ಣನ ಕಾಯಿಲೆಯೇ. ಇದು ಊರಿಗೆಲ್ಲ ಗೊತ್ತಿತ್ತು, ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಮಾಜಿದನ ಕಾಗದದಲ್ಲೂ ಹೃದಯ ನಿಂತು ಎಂದೇ ಬರೆಯಲಾಗಿತ್ತು.

ಅವರ ಮನೆಗೆ ಡಾ. ನಸ್ರಾ ಅವರನ್ನು ನಾನೇ ಕರೆದುಕೊಂಡು ಹೋದೆ. ಹೆಂಗಸರ ಕೋಣೆಯಿಂದ ಹೊರಗೆ ಬಂದು, ಮನೆಯ ಯಜಮಾನರ ಹತ್ತಿರ ಮಾತಾಡಬೇಕು ಎಂದರು. ಹಜಾರದಲ್ಲಿ ಸುವೈದ್, ಅವರ ಹೆಂಡತಿ ಮೌಜಾ, ನಾನು, ಇಷ್ಟೇ ಜನ. ಸುವೈದ್ ತಾವೇ ಕಾಫಿ ಬಗ್ಗಿಸಿ ಕೊಟ್ಟರು. ಡಾ. ನಸ್ರಾ ಎರಡು ಕೈಯಲ್ಲಿ ಆ ಪುಟ್ಟ ಬಟ್ಟಲನ್ನು ತೆಗೆದುಕೊಂಡು, ತುಟಿಗೆ ಮುಟ್ಟಿಸದೆ, ತಮ್ಮ ಮುಂದೆ ಚಾಪೆಯ ಮೇಲೆ ಇಟ್ಟರು.

ನಮ್ಮಲ್ಲಿ ಬಂದವರು ಕಾಫಿಯನ್ನು ಕುಡಿಯದೆ ಕೆಳಗಿಟ್ಟರೆ ಒಂದು ಬೇಡಿಕೆ ಇದೆಯೆಂದು ಅರ್ಥ. ಮನೆಯವರು ‘ಕುಡಿಯಿರಿ, ಕೇಳಿದ್ದು ಆಯಿತು’ ಎನ್ನಬೇಕು. ಅನ್ನದೆ ಹೋದರೆ, ಆ ಬಟ್ಟಲು ತುಂಬಿದ ಹಾಗೆಯೇ ಒಳಗೆ ಹೋದರೆ, ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹೆಣ್ಣು ಕೇಳಲು ಬಂದವರು ಇಡುತ್ತಾರೆ, ಕೊಲೆಗೆ ಕ್ಷಮೆ ಕೇಳಲು ಬಂದವರು ಇಡುತ್ತಾರೆ. ಸತ್ತವನ ಕಾಯಿಲೆಯ ಹೆಸರು ಕೇಳಲು ಯಾರೂ ಇಟ್ಟಿರಲಿಲ್ಲ.

ಸುವೈದ್ ದೊಡ್ಡ ಮನುಷ್ಯರು. ತಡಮಾಡದೆ, “ಕುಡೀರಿ, ಡಾಕ್ಟ್ರಮ್ಮ. ನೀವು ಕೇಳಿದ್ದು ಆಯ್ತು ಅಂತ ತಿಳ್ಕೊಳ್ಳಿ” ಎಂದರು.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೆಲಸ ಮುಗಿಯಿತೆಂದು ಬಟ್ಟಲು ಎತ್ತಿ ಕುಡಿದುಬಿಡುತ್ತಿದ್ದರು. ಸುವೈದ್ ಮಾತು ಕೊಟ್ಟಾಗಿತ್ತು. ಡಾ. ನಸ್ರಾ ಬಟ್ಟಲನ್ನು ಮುಟ್ಟಲಿಲ್ಲ.

“ಬೇಡ ಅಣ್ಣ. ಮೊದಲು ಕೇಳಿಸ್ಕೊಳ್ಳಿ. ಕೇಳಿಸ್ಕೊಳ್ದೇ ಕೊಟ್ಟ ಮಾತು ನನಗೆ ಬೇಡ.”

“ಹೇಳಿ.”

“ಮಾಜಿದ್ ಯಾವುದರಿಂದ ಹೋದ ಅಂತ ಸರಿಯಾಗಿ ಬರೆಸೋಕೆ ಒಪ್ಕೊಳ್ಳಿ. ನೀವು ಒಪ್ಪಿದ್ರೆ ಊರು ಒಪ್ಪತ್ತೆ. ಊರು ಒಪ್ಪಿದ್ರೆ ಇಲ್ಲಿ ವಾರ್ಡು ಆಗತ್ತೆ. ಅಸೀಲಾ ಘಟ್ಟ ಹತ್ತೋದು ತಪ್ಪತ್ತೆ. ಆದರೆ ಜುವೈನಾ ಮದುವೆ ನಿಲ್ಲಬಹುದು. ನಿಲ್ಲಲ್ಲ ಅಂತ ನಾನು ಸುಳ್ಳು ಹೇಳಲ್ಲ.”

ಸುವೈದ್ ಅವರ ಮುಖ ಕಲ್ಲಾಯಿತು. ಒಳಗಿನ ಬಾಗಿಲ ಪರದೆ ಅಲುಗಿತು, ಅದರ ಹಿಂದೆ ಜುವೈನಾ ಇದ್ದಿರಬೇಕು. ಕಾಫಿಯ ಮೇಲಿನ ಹಬೆ ನಿಂತಿತು.

“ಒಬ್ಬ ಮಗಳ ಕೈ ಹಿಡ್ಕೊಂಡು ಇನ್ನೊಬ್ಬಳನ್ನ ಬಾವಿಗೆ ತಳ್ಳು ಅಂತೀರಲ್ಲ” ಎಂದರು ಸುವೈದ್ ಕೊನೆಗೆ. “ಈ ಮನೇಲಿ ಯಾರ ಬಟ್ಟಲೂ ತುಂಬಿದ ಹಾಗೆ ಒಳಗೆ ಹೋಗಿಲ್ಲ, ಡಾಕ್ಟ್ರಮ್ಮ.”

“ಹೋಗ್ಲಿ ಬಿಡಿ, ಅಣ್ಣ. ತಪ್ಪು ನಂದು, ಕೇಳಬಾರದ್ದನ್ನ ಕೇಳಿದ್ದೀನಿ. ನಿಮಗೆ ಬೇಜಾರಿರಬಾರದು” ಎಂದು ಅವರು ಎದ್ದು, ಮೌಜಾ ಅವರನ್ನು ತಬ್ಬಿ, ಹೊರಗೆ ಬಂದರು. ಗಾಡಿಯಲ್ಲಿ ನಾನೇ ತಡೆಯಲಾರದೆ ಕೇಳಿದೆ: “ಆಯ್ತು ಅಂದಾಗ ಕುಡಿದಿದ್ರೆ ಮುಗೀತಿತ್ತಲ್ಲ ತಾಯಿ? ಸುವೈದ್ ಮಾತು ಹಿಂದೆ ತಗೊಳ್ಳೋರಲ್ಲ.”

“ಗೊತ್ತು, ಖಲ್ಫಾನಣ್ಣ. ಅದಕ್ಕೇ ಕುಡೀಲಿಲ್ಲ. ಆ ಹುಡುಗಿ ಮದುವೆ ನಾನು ಮೋಸದಿಂದ ಮುರೀಲಾ?”

ಊರಿನಲ್ಲಿ ಮಾತು ಹಬ್ಬಿತು. ಗಂಡಸರು ಸೇರುವ ಕಟ್ಟೆಯಲ್ಲಿ ಒಬ್ಬ, “ಪಟ್ಟಣದೋಳು ಬಂದು ಸುವೈದ್ ಮೀಸೆ ಇಳಿಸಿ ಹೋದ್ಲು” ಎಂದ. ಇನ್ನೊಬ್ಬ, “ಅವಳ ಗಾಡಿ ಓಡಿಸ್ತಾನಲ್ಲ ಖಲ್ಫಾನ್, ಇವನಿಗೆ ನಾಳೆಯಿಂದ ಯಾರೂ ಕಾಫಿ ಹಾಕ್ಬೇಡ್ರೋ, ಇವನೂ ಕೆಳಗಿಡ್ತಾನೆ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಡಾ. ನಸ್ರಾ ರಾಜಧಾನಿಗೆ ಹಿಂತಿರುಗಿದರು. ಹೋಗುವಾಗ ಅಸೀಲಾಗೆಂದು ಜ್ವರ ಬರದಂತೆ ತಡೆಯುವ ಮಾತ್ರೆಗಳನ್ನು ಡಾ. ಇದ್ರೀಸ್ ಅವರ ಕೈಯಲ್ಲಿ ಕೊಟ್ಟು, ‘ನಾನು ಕೊಟ್ಟೆನೆಂದು ಹೇಳಬೇಡಿ’ ಎಂದು ಹೋದರು. ಇದನ್ನು ಡಾ. ಇದ್ರೀಸ್ ಸಾಯುವ ಮುಂಚೆ ನನಗೆ ಹೇಳಿದರು. ಇವತ್ತಿನವರೆಗೂ ಸುವೈದ್ ಮನೆಯವರಿಗೆ ಗೊತ್ತಿಲ್ಲ. ಇದನ್ನು ಓದಿದಾಗ ಗೊತ್ತಾಗಲಿ.

ಹಬ್ಬಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಅಸೀಲಾಗೆ ನೋವು ಬಂತು. ಮಾತ್ರೆಗೆ ಬಗ್ಗುವ ನೋವಲ್ಲ. ಮಟಮಟ ಮಧ್ಯಾಹ್ನ ಸುವೈದ್ ಅವಳನ್ನು ಎತ್ತಿಕೊಂಡು ಗಾಡಿಗೆ ಹತ್ತಿದರು. ಘಟ್ಟ ಶುರುವಾಗುತ್ತಿದ್ದಂತೆ ಹಿಂದಿನಿಂದ ಆ ಕೂಸಿನ ದನಿ ಬಂತು.

“ಖಲ್ಫಾನ್ ಮಾವಾ, ಗುಂಡಿ ಬರೋಕೆ ಮುಂಚೆ ಹೇಳು.”

“ಯಾಕವ್ವಾ?”

“ಹಲ್ಲು ಕಚ್ಕೋತೀನಿ.”

ನಾನು ಹೇಳುತ್ತ ಹೋದೆ. ಗುಂಡಿ ಬಂತು, ಕಲ್ಲು ಬಂತು, ದೊಡ್ಡ ತಿರುವು ಬಂತು ಎಂದು ಘಟ್ಟ ಮುಗಿಯುವವರೆಗೂ ಹೇಳಿದೆ. ಪ್ರತಿಸಲವೂ ಅವಳು “ಹೂಂ” ಎನ್ನುತ್ತಿದ್ದಳು, ಆಮೇಲೆ ಸದ್ದೇ ಇಲ್ಲ. ಸುವೈದ್ ಅವರು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಎಲ್ಲವನ್ನೂ ಕೇಳುತ್ತಿದ್ದರು. ತುದಿ ತಲುಪಿದಾಗ ನನ್ನನ್ನು ಕೇಳಿದರು:

“ಮಾಜಿದ್‌ಗೂ ಹೀಗೇ ಹೇಳ್ತಿದ್ಯಾ?”

“ಇಲ್ಲ ಅಣ್ಣ. ಮಾಜಿದ್ ಗುಂಡಿ ಕೇಳ್ತಿರ್ಲಿಲ್ಲ. ಹಾಡು ಹೇಳು ಅಂತಿದ್ದ.”



ಅಸೀಲಾ ಆ ಸಲ ಬದುಕಿ ಬಂದಳು. ಬಂದ ಮೇಲೆ ಸುವೈದ್ ಮನೆಯಲ್ಲಿ ಏನು ನಡೆಯಿತೆಂಬುದನ್ನು ಮೌಜಾ ಅವರೇ ನನ್ನ ಹೆಂಡತಿಗೆ ಹೇಳಿದ್ದಾರೆ. ಗಂಡ ಊಟಕ್ಕೆ ಕೂರದೆ ಹಜಾರದಲ್ಲಿ ಅತ್ತಿಂದಿತ್ತ ತಿರುಗುವುದನ್ನು ನೋಡಿ ಅವರು, “ಊರಿನೋರ ನೀರಿನ ಲೆಕ್ಕ ಸರಿಯಾಗಿ ಹೇಳೋರು, ಮಗನ ಲೆಕ್ಕ ಮಾತ್ರ ಹೀಗೇ ಬಿಡ್ತೀರಾ?” ಎಂದರಂತೆ. ಸುವೈದ್ ಸಿಟ್ಟಿನಿಂದ, “ಜುವೈನಾನ ಕೇಳೋರು ಯಾರು?” ಎಂದರಂತೆ. “ನೀವೇ ಕೇಳಿ. ಅವಳು ಒಳಗೇ ಇದ್ದಾಳೆ” ಎಂದರಂತೆ ಮೌಜಾ.

ಮುಂದಿನ ಸಲ ಡಾ. ನಸ್ರಾ ಸುಮೈರ್‌ಗೆ ಬಂದಾಗ ಆಸ್ಪತ್ರೆಯ ಅಂಗಳದಲ್ಲಿ ನಾವೆಲ್ಲ ನಿಂತಿದ್ದೆವು. ಸುವೈದ್ ನಡೆದುಕೊಂಡು ಬಂದರು. ಒಂದು ಕೈಯಲ್ಲಿ ಕೊಕ್ಕಿನ ಕಾಫಿ ಪಾತ್ರೆ, ಇನ್ನೊಂದರಲ್ಲಿ ಒಂದು ಬಟ್ಟಲು. ಬಟ್ಟಲ ತಳದಲ್ಲಿ ಒಣಗಿದ ಕಂದು ಉಂಗುರ.

“ನಿಮ್ಮ ಬಟ್ಟಲು” ಎಂದರು. “ಅವತ್ತಿಂದ ಮೌಜಾ ಇದನ್ನ ಚೆಲ್ಲೋಕೂ ಬಿಡ್ಲಿಲ್ಲ, ತೊಳೆಯೋಕೂ ಬಿಡ್ಲಿಲ್ಲ. ತಟ್ಟೆ ಮುಚ್ಚಿ ಗೂಡಲ್ಲಿಟ್ಟಿದ್ಲು. ನಾನು ದಿನಾ ನೋಡ್ಬೇಕು ಅಂತ.”

ಆ ಬಟ್ಟಲಿಗೇ ಬಿಸಿ ಕಾಫಿ ಬಗ್ಗಿಸಿದರು. “ಕೇಳಿಸ್ಕೊಂಡೇ ಹೇಳ್ತಿದ್ದೀನಿ. ನೀವು ಕೇಳಿದ್ದು ಆಯ್ತು. ಕುಡೀರಿ.”

ಡಾ. ನಸ್ರಾ ಬಟ್ಟಲು ಹಿಡಿದೇ ನಿಂತು ಕೇಳಿದರು: “ಜುವೈನಾ?”

“ಅವಳನ್ನ ಕೇಳಿದೆ. ‘ಮದುವೆ ಆದ್ಮೇಲೆ ನನ್ನ ಮಗೂನೂ ಖಲ್ಫಾನ್ ಮಾವನ ಗಾಡೀಲಿ ಹಲ್ಲು ಕಚ್ಕೊಂಡು ಹೋಗ್ಬೇಕಾ ಅಪ್ಪಾ’ ಅಂದ್ಲು. ಆಮೇಲೆ ಹೋಗಿ ಬಾಗಿಲು ಹಾಕ್ಕೊಂಡ್ಲು.”

ಡಾ. ನಸ್ರಾ ಕುಡಿದರು. ಸತ್ತವರ ಲೆಕ್ಕವನ್ನು ಕಣ್ಣೊದ್ದೆ ಮಾಡಿಕೊಳ್ಳದೆ ನೋಡುತ್ತಿದ್ದವರು ಅವತ್ತು ಬಿಸಿಲಲ್ಲಿ ನಮ್ಮೆಲ್ಲರ ಎದುರು ಅತ್ತರು. ಯಾರೂ ಅದನ್ನು ನೋಡಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಸುವೈದ್ ಒಪ್ಪಿದರೆಂದ ಮೇಲೆ ನಮ್ಮ ಕಣಿವೆಯಲ್ಲೂ ಆಚೆಯ ಕಣಿವೆಗಳಲ್ಲೂ ಮಿಕ್ಕವರ ಬಾಗಿಲು ತೆರೆಯಿತು. ಕೆಲವರು ತಾವೇ ಆಸ್ಪತ್ರೆಗೆ ಬಂದು, ಬಹಳ ಹಿಂದೆ ಹೋದ ಮಗುವಿನ ಕಾರಣವನ್ನೂ ತಿದ್ದಿಸಿದರು. ಮುಂದಿನ ವರ್ಷದ ವರದಿ ಹೊರಬಿದ್ದಾಗ ದೇಶದಲ್ಲೆಲ್ಲ ಗದ್ದಲ. ರಕ್ತದ ಹಾಗೂ ರೋಗನಿರೋಧಕ ಶಕ್ತಿಯ ಕಾಯಿಲೆಗಳಿಂದಾದ ಸಾವಿನ ಗೆರೆ ಸಮತಟ್ಟಾಗಿ ಬಂದು ಒಮ್ಮೆಲೇ ಗೋಡೆಯಂತೆ ಎದ್ದು ನಿಂತಿತ್ತು. ಮೇಲಿನ ಅಧಿಕಾರಿಯೊಬ್ಬರು ಡಾ. ನಸ್ರಾ ಅವರನ್ನು ಕರೆಸಿ, ನೀವು ಈ ಕೆಲಸಕ್ಕೆ ಕೈಹಾಕಿದಾಗಿನಿಂದ ಸಾಯುವವರು ಹೆಚ್ಚಾಗಿದ್ದಾರಲ್ಲ ಎಂದು ಕೂಗಾಡಿದರಂತೆ. ನಮ್ಮ ಊರಿನಲ್ಲೂ ಕೆಲವರು ಅವರ ಕಾಲ್ಗುಣವೇ ಸರಿಯಿಲ್ಲವೆಂದರು. ಅವರು ಅಧಿಕಾರಿಗೆ ಹೇಳಿದ್ದನ್ನು ನಾನು ಅವರ ಬಾಯಿಂದಲೇ ಕೇಳಿದ್ದೇನೆ. “ಸ್ವಾಮಿ, ಒಬ್ಬ ಮನುಷ್ಯನೂ ಹೆಚ್ಚಿಗೆ ಸತ್ತಿಲ್ಲ. ಹೃದಯದ ಪುಟದಲ್ಲಿದ್ದ ಮಕ್ಕಳನ್ನ ಅವರ ಮನೆಗೆ ಕಳಿಸಿದ್ದೀನಿ, ಅಷ್ಟೇ. ಆ ಪುಟಾನೂ ತೆಗೆದು ನೋಡಿ, ಅಷ್ಟೇ ಕಡಿಮೆಯಾಗಿರತ್ತೆ.” ಅಧಿಕಾರಿ ತೆಗೆದು ನೋಡಿದರು. ಕಡಿಮೆಯಾಗಿತ್ತು. ಆದರೂ ಬಹಳ ಕಾಲ ಡಾ. ನಸ್ರಾ ಅವರಿಗೆ ಬಡ್ತಿ ಸಿಗಲಿಲ್ಲ, ಕಿಟಕಿಯಿಲ್ಲದ ಕೋಣೆಯೊಂದನ್ನು ಕೊಟ್ಟರು. ನಾನು ರೋಗಿಗಳನ್ನು ಬಿಡಲು ರಾಜಧಾನಿಗೆ ಹೋದಾಗಲೆಲ್ಲ ಆ ಕೋಣೆಗೆ ಹೋಗಿ ಬರುತ್ತಿದ್ದೆ. ಸುಮೈರ್ ಖರ್ಜೂರ ತಂದೆ ಎಂದರೆ, ಮೊದಲು ಅಸೀಲಾ ಹೇಗಿದ್ದಾಳೆ ಹೇಳಿ ಎನ್ನುತ್ತಿದ್ದರು. ನನ್ನ ಹೆಂಡತಿಗೆ ಕಣ್ಣಿನ ಪೊರೆ ಬಂದಾಗ ಪಟ್ಟಣದಲ್ಲಿ ತಮ್ಮ ಮನೆಯಲ್ಲೇ ಇಟ್ಟುಕೊಂಡು, ಪಟ್ಟಿ ಬಿಚ್ಚುವವರೆಗೂ ತಾವೇ ಊಟ ಮಾಡಿಸಿದ್ದಾರೆ. ಆ ಋಣವನ್ನು ನಾನು ಇಲ್ಲಿ ಹೇಳದೆ ಹೋದರೆ ಅವಳು ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಗೋಡೆಯಂತೆ ಎದ್ದ ಆ ಗೆರೆಯೇ ನಮಗೆ ವಾರ್ಡು ತಂದಿತು. ಘಟ್ಟದ ಈಚೆ, ನಮ್ಮ ಊರಿನಲ್ಲೇ, ನಾಲ್ಕು ಹಾಸಿಗೆ, ರಕ್ತ ಇಡುವ ಪೆಟ್ಟಿಗೆ, ನೋವಿನ ಔಷಧ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ನೋಡುವ ಕ್ರಮ ಬಂತು. ಕಾಯಿಲೆ ಇದ್ದ ಮಕ್ಕಳಿಗೆ ಜ್ವರ ಬರುವ ಮುಂಚೆಯೇ ಮಾತ್ರೆ, ಲಸಿಕೆ. ಮುಂದಿನ ವರ್ಷಗಳಲ್ಲಿ ಗೆರೆ ಮೆಲ್ಲಮೆಲ್ಲಗೆ ಇಳಿಯಿತು, ಈ ಸಲ ನಿಜವಾಗಿಯೇ ಇಳಿಯಿತು. ಆ ಗೆರೆ ಇಳಿಯುವುದೆಂದರೆ ಏನೆಂದು ನನಗೆ ವರದಿ ನೋಡಿ ತಿಳಿಯಬೇಕಾಗಿರಲಿಲ್ಲ. ನನ್ನ ಗಾಡಿ ಘಟ್ಟ ಹತ್ತುವುದು ಅಪರೂಪವಾಗುತ್ತ ಬಂತು. ಹಿಂದಿನ ಸೀಟಿನ ಮೇಲೆ ದೂಳು ಕೂರತೊಡಗಿತು.

ಜುವೈನಾಳ ವಿಷಯ ಬರೆಯದೆ ಇದ್ದರೆ ಡಾ. ನಸ್ರಾ ಅವರಿಗೇ ಸರಿ ಕಾಣುವುದಿಲ್ಲ. ಮಾಜಿದನ ಕಾರಣ ತಿದ್ದಿದ ಮೇಲೆ ಜುವೈನಾ, ಬದರ್ ಇಬ್ಬರ ರಕ್ತವನ್ನೂ ನೋಡಿಸಿದರು. ಇಬ್ಬರಲ್ಲೂ ಎಳೆ ಇತ್ತು. ಆದರೂ ಬದರ್ ಮದುವೆಯಾಗುತ್ತೇನೆಂದ. ಬೇಡವೆಂದವಳು ಜುವೈನಾ. ಡಾ. ನಸ್ರಾ ಆಗ ಬಂದು ಅವಳ ಪಕ್ಕದಲ್ಲಿ ಕುಳಿತರು. ಒಳ್ಳೆಯದಾಯಿತು ಎನ್ನಲಿಲ್ಲ, ಎಲ್ಲ ಮರೆತುಹೋಗುತ್ತದೆ ಎನ್ನಲಿಲ್ಲ. ಅವಳು ಮದುವೆಗೆಂದು ಕಸೂತಿ ಹಾಕುತ್ತಿದ್ದ ಬಟ್ಟೆಯನ್ನು ಬಿಚ್ಚುತ್ತಿದ್ದಾಗ ಇವರೂ ಒಂದು ತುದಿ ಹಿಡಿದುಕೊಂಡು ಸಂಜೆಯವರೆಗೂ ದಾರ ಬಿಚ್ಚಿದರು ಎಂದು ಮೌಜಾ ಹೇಳುತ್ತಾರೆ. ಜುವೈನಾಗೆ ಕೆಲವು ವರ್ಷದ ಮೇಲೆ ಬೇರೆ ಊರಿನಲ್ಲಿ ಮದುವೆಯಾಯಿತು, ಮಕ್ಕಳು ಆರೋಗ್ಯವಾಗಿದ್ದಾರೆ. ಬದರ್‌ಗೂ ಆಯಿತು. ಹಬ್ಬದಲ್ಲಿ ಚಿಕ್ಕಪ್ಪನ ಮನೆಗೆ ಬಂದಾಗ ಅವರಿಬ್ಬರೂ ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇದನ್ನು ಯಾವ ವರದಿಯೂ ಹೇಳುವುದಿಲ್ಲ. ಡಾ. ನಸ್ರಾ ಪ್ರತಿ ಹಬ್ಬಕ್ಕೂ ಸುವೈದ್ ಮನೆಗೆ ಹಲ್ವಾ ಕಳಿಸುವಾಗ ಜುವೈನಾಗೆ ಬೇರೆಯದೇ ಡಬ್ಬಿ ಕಳಿಸುತ್ತಾರೆ.

ಈಗ ನಮ್ಮ ಕಣಿವೆಯಲ್ಲಿ ಹೆಣ್ಣು ಕೇಳಲು ಹೋದವರು ಕಾಫಿ ಕೆಳಗಿಟ್ಟರೆ, ಹೆಣ್ಣಿನ ತಂದೆ ಮೊದಲು ಹುಡುಗನ ರಕ್ತ ನೋಡಿಸಿ ಬನ್ನಿ ಎನ್ನುತ್ತಾನೆ. ಬಟ್ಟಲು ಅಲ್ಲಿಯವರೆಗೆ ಗೂಡಿನಲ್ಲಿ ತಟ್ಟೆ ಮುಚ್ಚಿಕೊಂಡಿರುತ್ತದೆ. ಮೊನ್ನೆ ನನ್ನ ಮೊಮ್ಮಗನಿಗೆ ಕೇಳಲು ಹೋದಾಗಲೂ ಹಾಗೇ ಆಯಿತು. “ಖಲ್ಫಾನ್, ಕಾಫಿ ಆರೋಗತ್ತೆ, ಹುಡುಗನ್ನ ಬೇಗ ಸೂಜಿಗೆ ಕೈ ಕೊಡೋಕೆ ಹೇಳು” ಎಂದು ಬೀಗರು ನಕ್ಕರು. ಈ ಪದ್ಧತಿ ಎಲ್ಲಿಂದ ಬಂತೆಂದು ಇಂದಿನ ಹುಡುಗರಿಗೆ ಗೊತ್ತಿಲ್ಲ, ಅಜ್ಜಂದಿರ ಕಾಲದಿಂದ ಇದೆಯೆಂದೇ ತಿಳಿದಿದ್ದಾರೆ. ಡಾ. ನಸ್ರಾ ಅವರಿಗೆ ಇದಕ್ಕಿಂತ ದೊಡ್ಡ ಬಿರುದನ್ನು ಯಾರು ಕೊಡಬಲ್ಲರು?

ಇಷ್ಟೆಲ್ಲ ವರ್ಷಗಳ ಸೇವೆಯ ನಂತರ ಅವರು ನಿವೃತ್ತರಾಗುತ್ತಿದ್ದಾರೆ. ಸನ್ಮಾನದ ದಿನ ಅತಿಥಿಗಳಿಗೆ ಕಾಫಿ ಬಗ್ಗಿಸುವವಳು ನಾನೇ ಎಂದು ಅಸೀಲಾ ಹಟ ಹಿಡಿದಿದ್ದಾಳೆ. ಅವಳೀಗ ನಮ್ಮ ಊರಿನ ಶಾಲೆಯಲ್ಲಿ ಮೇಡಂ. ನೋವು ಈಗಲೂ ಬರುತ್ತದೆ, ಬಂದಾಗ ನಡೆದುಕೊಂಡೇ ವಾರ್ಡಿಗೆ ಹೋಗುತ್ತಾಳೆ.

ಅವಳು ಬಗ್ಗಿಸಿಕೊಟ್ಟ ಬಟ್ಟಲನ್ನು ಅವತ್ತು ನಾನು ಕುಡಿಯುವುದಿಲ್ಲ. ಡಾ. ನಸ್ರಾ ಅವರ ಮುಂದೆ ಕೆಳಗಿಡುತ್ತೇನೆ. ಕೇಳಿಸಿಕೊಳ್ಳದೆ ಮಾತು ಕೊಡಬಾರದೆಂದು ಅವರೇ ನಮಗೆ ಕಲಿಸಿದ್ದರಿಂದ ನನ್ನ ಬೇಡಿಕೆಯನ್ನು ಇಲ್ಲೇ, ಮುಂಚಿತವಾಗಿ, ಎಲ್ಲರೂ ಓದುವ ಹಾಗೆ ಬರೆದಿಡುತ್ತಿದ್ದೇನೆ. ನನಗೆ ಎಂಬತ್ತು ಹತ್ತಿರವಾಯಿತು. ನನ್ನ ಸರದಿ ಬಂದಾಗ ಯಾರೋ ಅವಸರದವರು ಬಂದು ‘ಹೃದಯ ನಿಂತು’ ಎಂದು ಗೀಚಿ ಹೋಗಬಾರದು. ಡಾ. ನಸ್ರಾ ಅವರೇ ಸುಮೈರ್‌ಗೆ ಬಂದು, ನನ್ನ ಮನೆಯವರ ಜೊತೆ ಕುಳಿತು, ನಾನು ಏನು ತಿನ್ನುತ್ತಿದ್ದೆ, ಯಾವ ಹಾಡು ಹೇಳುತ್ತಿದ್ದೆ ಎಂದೆಲ್ಲ ಕೇಳಿ, ಸರಿಯಾದ ಕಾರಣ ಬರೆಯಬೇಕು. ಅದಕ್ಕಾಗಿ ಅವರು ಗಟ್ಟಿಯಾಗಿರಬೇಕು, ಕೆಲಸ ಬಿಡಬಾರದು, ನನಗಿಂತ ಬಹಳ ವರ್ಷ ಹೆಚ್ಚು ಬದುಕಬೇಕು. ನಾನೂ ಅಷ್ಟು ಸುಲಭವಾಗಿ ಹೋಗುವವನಲ್ಲವಾದ್ದರಿಂದ ಅವರು ಬಹಳ ಕಾಲ ಕಾಯಬೇಕಾಗುತ್ತದೆ.

ಬೇಡಿಕೆ ಇಷ್ಟೇ. ಕೇಳಿಸಿಕೊಂಡಾಯಿತಲ್ಲ, ತಾಯಿ? ಇನ್ನು ಹೇಳಿ, ಕುಡಿ ಖಲ್ಫಾನಣ್ಣ ಅಂತ.